ಗಣತಿಯ ಅಂಕಣದಲ್ಲಿ ವೀರಶೈವರು: ಬೇಗೂರು ಸೀಮೆಯಿಂದ ಒಂದು ಅವಲೋಕನ

ಮೈಸೂರಿನಿಂದ ಹೊರಟು ನಂಜನಗೂಡನ್ನು ದಾಟಿ ಗುಂಡ್ಲುಪೇಟೆಯತ್ತ ಸಾಗುವ ಹೆದ್ದಾರಿಯ ಮೇಲೆ ಬೇಗೂರು ಇದೆ. ಗುಂಡ್ಲುಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಒಂದಾದ ಈ ಊರು 1997ರವರೆಗೆ ಮೈಸೂರು ಜಿಲ್ಲೆಗೆ ಸೇರಿದ್ದಿತು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದಾಗ ಅದರ ಪಾಲಿಗೆ ಬಂದಿತು. ಈ ಸೀಮೆಯ ಹಳ್ಳಿಗಳಲ್ಲಿ ಲಿಂಗಾಯತರು, ಉಪ್ಪಾರರು, ನಾಯಕರು, ಕುರುಬರು, ಆದಿಕರ್ನಾಟಕರು ಅಕ್ಕಪಕ್ಕದ ಬೀದಿಗಳಲ್ಲಿ ವಾಸವಾಗಿದ್ದಾರೆ. ತೆಂಕಣ ಕಾಡಂಚಿನಲ್ಲಿ ಸೋಲಿಗರೂ ಜೇನುಕುರುಬರೂ ಕಾಡುಕುರುಬರೂ ಇದ್ದಾರೆ. ಇವರಲ್ಲಿ ಬಹುತೇಕ ಎಲ್ಲರಿಗೂ ಊರೊಳಗೆ ಒಂದು ಹೆಸರು, ಕಚೇರಿಯ ಕಾಗದದಲ್ಲಿ ಮತ್ತೊಂದು ಹೆಸರು ಉಂಟು. ಹಳೆಯ ಮೈಸೂರಿನ ಆಡುಮಾತಿನಲ್ಲಿ 'ಶಿವಾಚಾರದವರು' ಎನಿಸಿಕೊಂಡವರು ಸರ್ಕಾರದ ದಾಖಲೆಯಲ್ಲಿ 'ಲಿಂಗಾಯತ'ರಾಗುತ್ತಾರೆ, ಮಠದ ಗ್ರಂಥಗಳಲ್ಲಿ 'ವೀರಶೈವ'ರಾಗುತ್ತಾರೆ. ಒಂದೇ ಮನೆಯ ಮೂರು ಹೆಸರುಗಳಿವು. ಗಣತಿದಾರನು ಬಾಗಿಲಿಗೆ ಬಂದು ನಿಂತು ಅಂಕಣದಲ್ಲಿ ಒಂದೇ ಹೆಸರನ್ನು ಬರೆಯಬೇಕಾಗಿ ಬಂದಾಗ ಈ ಮೂರರಲ್ಲಿ ಯಾವುದು ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಗೆ ನೂರೈವತ್ತು ವರ್ಷಗಳಷ್ಟು ದೀರ್ಘವಾದ ಇತಿಹಾಸವಿದೆ.

ಎಣಿಕೆಯೆಂಬುದು ಶಿವಶರಣರ ಪರಂಪರೆಗೆ ಹೊಸದಲ್ಲ. ಅರುವತ್ತುಮೂವರು ಪುರಾತನರು, ಏಳುನೂರೆಪ್ಪತ್ತು ಅಮರಗಣಂಗಳು, ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರು ಎಂಬ ಸಂಖ್ಯೆಗಳು ವೀರಶೈವ ಪುರಾಣಕಾವ್ಯಗಳನ್ನು ಓದಿದವರಿಗೆಲ್ಲ ಪರಿಚಿತವಾದುವೇ. ಪಾಲ್ಕುರಿಕೆ ಸೋಮನಾಥನ ಹೆಸರಿನೊಡನೆ ಸಹಸ್ರಗಣನಾಮದ ಪರಂಪರೆಯೂ ಹೊಂದಿಕೊಂಡಿದೆ. ಇವು ಸ್ತುತಿಗಾಗಿ ಮಾಡಿದ ಗಣನೆಗಳು. ಇವುಗಳಲ್ಲಿ ಐತಿಹಾಸಿಕ ನಿಖರತೆಯನ್ನು ಅರಸುವುದು ಸಾಧುವಲ್ಲ. ಆದರೆ ಗಮನಿಸಬೇಕಾದ ಸಂಗತಿ ಒಂದಿದೆ. ಈ ಗಣನೆಯ ಸಾಲಿನೊಳಗೆ ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಇವರೆಲ್ಲ ಒಂದೇ ಪಂಕ್ತಿಯಲ್ಲಿ ನಿಲ್ಲುತ್ತಾರೆ. ಹೆಸರಿನ ಮುಂದಿನ ಮಾತು ಅವರ ಕಾಯಕವನ್ನು, ಕೆಲವೆಡೆ ಅವರು ಬಂದ ಕುಲವನ್ನು ಹೇಳುತ್ತದೆ; ಪಂಕ್ತಿಯಲ್ಲಿ ಅವರ ಸ್ಥಾನವನ್ನು ಅದು ನಿರ್ಧರಿಸುವುದಿಲ್ಲ. ದೀಕ್ಷೆಯಾದ ಬಳಿಕ ಭಕ್ತನ ಪೂರ್ವಾಶ್ರಯವನ್ನು ಅರಸಬಾರದೆಂಬುದು ಶರಣಧರ್ಮದ ಕಟ್ಟಳೆ. ಜನಗಣತಿಯ ಜಾತಿಯ ಅಂಕಣವು ಕೇಳುವುದಾದರೋ ಆ ಪೂರ್ವಾಶ್ರಯವನ್ನೇ.

ಮೈಸೂರು ಸಂಸ್ಥಾನದಲ್ಲಿ ಹಿಂದೆಯೂ 'ಖಾನೇಷುಮಾರಿ' ಎಂಬ ಮನೆಲೆಕ್ಕ ನಡೆಯುತ್ತಿತ್ತು. ಶಾನುಭೋಗರು ಬರೆದುಕೊಟ್ಟ ಈ ಲೆಕ್ಕ ಮುಖ್ಯವಾಗಿ ಕಂದಾಯಕ್ಕೆ ಸಂಬಂಧಪಟ್ಟದ್ದು. 1800-01ರಲ್ಲಿ ಮೈಸೂರು ನಾಡಿನಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಪಂಚಮ ಬಣಜಿಗರೇ ಮೊದಲಾದ ಲಿಂಗಧಾರಿಗಳ ಆಚಾರಗಳನ್ನು ಅವರವರ ಬಾಯಿಂದಲೇ ಕೇಳಿ ಬರೆದುಕೊಂಡನಾದರೂ ಅದು ಗಣತಿಯಲ್ಲ. ಇಡೀ ಸಂಸ್ಥಾನದಲ್ಲಿ ಕ್ರಮಬದ್ಧವಾದ ಮೊದಲ ಜನಗಣತಿ ನಡೆದದ್ದು 1871ರ ನವೆಂಬರ್ 14ರಂದು. ಅಂದು ಎಣಿಕೆಗೆ ಬಂದ ಜನ 50,55,412. ಎರಡನೆಯ ಗಣತಿ 1881ರ ಫೆಬ್ರವರಿ 17ರಂದು ನಡೆಯಿತು. ಆಗ ಬಂದ ಸಂಖ್ಯೆ 41,86,188. ನಡುವೆ 1876-78ರ ಮಹಾಕ್ಷಾಮ, ಜನರ ಬಾಯಲ್ಲಿ 'ಧಾತು ಈಶ್ವರದ ಬರ'ವೆಂದು ಉಳಿದದ್ದು, ಹಾದು ಹೋಗಿತ್ತು. ಹತ್ತು ವರ್ಷಗಳಲ್ಲಿ ಎಂಟು ಲಕ್ಷ ಅರುವತ್ತೊಂಬತ್ತು ಸಾವಿರ ಜನ ಕಡಿಮೆಯಾಗಿದ್ದರೆಂಬುದನ್ನು ಈ ಗಣತಿ ತೋರಿಸಿಕೊಟ್ಟಿತು. ಜನಗಣತಿಯ ನಿಜವಾದ ಉಪಯೋಗ ಇಂತಹುದರಲ್ಲಿದೆ. ಆದರೆ ಅದೇ ಗಣತಿಯ ಕುರಿತು ಮುಂದಿನ ಹತ್ತು ವರ್ಷ ವಿದ್ಯಾವಂತರ ನಡುವೆ ನಡೆದ ಚರ್ಚೆ ಸತ್ತವರ ಸಂಖ್ಯೆಯನ್ನು ಕುರಿತದ್ದಲ್ಲ, ಬದುಕಿದವರ ಶ್ರೇಣಿಯನ್ನು ಕುರಿತದ್ದು ಎಂಬುದು ವಿಷಾದದ ಸಂಗತಿ.

ಗಣತಿಯ ವರದಿಯನ್ನು ಸಿದ್ಧಪಡಿಸಿದವರ ಮುಂದೆ ನೂರಾರು ಜಾತಿಗಳ ಹೆಸರುಗಳಿದ್ದುವು. ಅವನ್ನು ಅಡಕಮಾಡಲು ಅವರಿಗೆ ಒಂದು ಚೌಕಟ್ಟು ಬೇಕಾಗಿತ್ತು. ಮನುಸ್ಮೃತಿಯ ನಾಲ್ಕು ವರ್ಣಗಳ ಚೌಕಟ್ಟು ಕೈಗೆ ಸುಲಭವಾಗಿ ಸಿಕ್ಕಿತು. ಬ್ರಾಹ್ಮಣ, ಕ್ಷತ್ರಿಯ, ವೈಶ್ಯ ಎಂಬ ಮೂರು ಶೀರ್ಷಿಕೆಗಳಲ್ಲಿ ಸೇರದವರನ್ನು ನಾಲ್ಕನೆಯದಕ್ಕೆ ನೂಕುವುದೊಂದೇ ಉಳಿದ ಉಪಾಯ. ಹೀಗೆ 1881ರ ವರ್ಗೀಕರಣದಲ್ಲಿ ಲಿಂಗಾಯತರು ಶೂದ್ರರ ಪಟ್ಟಿಗೆ ಬಂದರು. ಇದು ಕೇವಲ ಗೌರವದ ಪ್ರಶ್ನೆಯಾಗಿತ್ತೆಂದು ಭಾವಿಸುವುದು ಸರಿಯಲ್ಲ. ಆಗಿನ ನ್ಯಾಯಾಲಯಗಳು ಅನುಸರಿಸುತ್ತಿದ್ದ ಹಿಂದೂ ಕಾನೂನಿನಲ್ಲಿ ವಿವಾಹ, ದತ್ತಕ, ದಾಯಭಾಗಗಳ ನಿಯಮಗಳು ಶೂದ್ರರಿಗೆ ಬೇರೆ, ಉಳಿದ ಮೂರು ವರ್ಣದವರಿಗೆ ಬೇರೆ. ಒಂದು ಕುಟುಂಬದ ಆಸ್ತಿ ಯಾರಿಗೆ ಸಲ್ಲಬೇಕೆಂಬುದು ಆ ಕುಟುಂಬ ಯಾವ ವರ್ಣಕ್ಕೆ ಸೇರಿದ್ದೆಂಬುದನ್ನು ಅವಲಂಬಿಸಬಹುದಾಗಿತ್ತು. ಸರ್ಕಾರದ ಅಚ್ಚಾದ ವರದಿಯಲ್ಲಿ ಬಂದ ಶೀರ್ಷಿಕೆ ನಾಳೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲಬಹುದೆಂಬ ಭಯ ನಿರಾಧಾರವಾದುದಲ್ಲ.

ಆದುದರಿಂದ 1891ರ ಗಣತಿಯ ಕಾಲಕ್ಕೆ ಮೈಸೂರಿನ ವೀರಶೈವರು ವಿಧ್ಯುಕ್ತವಾಗಿ ಆಕ್ಷೇಪವನ್ನೆತ್ತಿದರು. ಆ ವರ್ಷ ಫೆಬ್ರವರಿ 26ರಂದು ನಡೆದ ಗಣತಿಯ ಹೊಣೆಯನ್ನು ಮೈಸೂರಿನಲ್ಲಿ ಹೊತ್ತವರು ವಿ. ಎನ್. ನರಸಿಂಹಯ್ಯಂಗಾರ್ಯರು. ತಮ್ಮನ್ನು ಶೂದ್ರರೆಂದು ಬರೆಯಕೂಡದು, 'ವೀರಶೈವ ಬ್ರಾಹ್ಮಣ'ರೆಂದು ನಮೂದಿಸಬೇಕೆಂಬುದು ಅರ್ಜಿದಾರರ ಬೇಡಿಕೆ. ಜೈನರನ್ನು ಹೇಗೆ ಶೂದ್ರರಲ್ಲಿ ಎಣಿಸುವುದಿಲ್ಲವೋ ಹಾಗೆಯೇ ವೀರಶೈವರನ್ನೂ ಎಣಿಸತಕ್ಕದ್ದಲ್ಲವೆಂಬ ನಿಲುವಿಗೆ ಕಡೆಗೆ ಸರ್ಕಾರ ಬಂದಿತು. ಸಂಸ್ಥಾನದ ಆಡಳಿತ ಇಲ್ಲಿ ತೋರಿದ ವಿವೇಕ ಮೆಚ್ಚತಕ್ಕದ್ದು. ಜೈನರ ಉದಾಹರಣೆಯಲ್ಲಿ ಒಂದು ತತ್ತ್ವವಡಗಿದೆ: ವರ್ಣವ್ಯವಸ್ಥೆಯನ್ನು ಒಪ್ಪದ ಧರ್ಮದವರನ್ನು ವರ್ಣದ ಅಳತೆಗೋಲಿನಿಂದ ಅಳೆಯಲಾಗದು ಎಂಬುದೇ ಆ ತತ್ತ್ವ. ಅರ್ಜಿದಾರರು ಈ ತತ್ತ್ವವನ್ನೇ ಹಿಡಿದು ನಿಂತಿದ್ದರೆ ಅವರ ವಾದ ಶರಣರ ವಾದವಾಗುತ್ತಿತ್ತು. ಅವರು ಹಿಡಿದದ್ದು ಬೇರೆ ದಾರಿ. ಅಳತೆಗೋಲನ್ನು ಅವರು ಪ್ರಶ್ನಿಸಲಿಲ್ಲ, ಅದರ ಮೇಲಿನ ಗೆರೆಯಲ್ಲಿ ತಮಗೆ ಸ್ಥಾನವನ್ನು ಬೇಡಿದರು. ಉಪನಯನಕ್ಕೆ ಲಿಂಗದೀಕ್ಷೆಯನ್ನು ಸಮವೆಂದು ತೋರಿಸುವುದು, ಆಚಾರಗಳಿಗೆ ಸಂಸ್ಕೃತ ಆಗಮಗಳಿಂದ ಪ್ರಮಾಣವನ್ನು ಒದಗಿಸುವುದು ಆ ಕಾಲದ ಪಂಡಿತರ ಮುಖ್ಯ ಕಾರ್ಯವಾಯಿತು. ಇದರಿಂದ ಪ್ರಯೋಜನವಾಗಲಿಲ್ಲವೆನ್ನಲಾಗದು, ಅನೇಕ ಗ್ರಂಥಗಳು ಅಚ್ಚಿನ ಬೆಳಕನ್ನು ಕಂಡುವು. ಕನ್ನಡ ವಚನಗಳು ಸಮಾಜದ ಹೆಗ್ಗುರುತಾಗಿ ಮುಂದೆ ಬಂದದ್ದು ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದ ಮೇಲೆ. ಗಣತಿಯ ವಾದ ಹುಟ್ಟಿದ ಕಾಲಕ್ಕೆ ವಚನಗಳು ಬಹುಮಟ್ಟಿಗೆ ಓಲೆಗರಿಗಳಲ್ಲೇ ಇದ್ದುವೆಂಬುದನ್ನು ನೆನೆದರೆ ಅಂದಿನ ಅರ್ಜಿದಾರರನ್ನು ಇಂದು ಕಟುವಾಗಿ ವಿಮರ್ಶಿಸುವುದು ಅನ್ಯಾಯವಾದೀತು.

1891ರ ಗಣತಿಯ ಪಟ್ಟಿಯಲ್ಲಿ ಮತ, ಮತದೊಳಗಿನ ಪಂಥ, ಜಾತಿ, ಜಾತಿಯ ಒಳಪಂಗಡ ಎಂಬ ಬೇರೆ ಬೇರೆ ಪ್ರಶ್ನೆಗಳಿದ್ದುವು. ಮೇಲಿನ ಅಂಕಣದ ವಿವಾದದಲ್ಲಿ ಮುಳುಗಿದ್ದವರು ಕೆಳಗಿನ ಅಂಕಣ ಮಾಡುತ್ತಿದ್ದ ಕೆಲಸವನ್ನು ಅಷ್ಟಾಗಿ ಗಮನಿಸಲಿಲ್ಲ. ಜಂಗಮ, ಬಣಜಿಗ, ಗೌಡಲಿಂಗಾಯತ, ಸಾದರ, ನೊಣಬ, ಪಂಚಮಸಾಲಿ, ಗಾಣಿಗ, ಹಡಪದ, ಮಡಿವಾಳ ಮೊದಲಾದ ಹೆಸರುಗಳು ಒಂದೊಂದು ಸೀಮೆಯಲ್ಲಿ ಒಂದೊಂದು ಬಗೆಯಾಗಿ ಬಳಕೆಯಲ್ಲಿದ್ದುವು. ಕೆಲವು ಕಾಯಕವನ್ನು ಹೇಳಿದರೆ ಕೆಲವು ನಾಡನ್ನು ಹೇಳುತ್ತಿದ್ದುವು. ಅಚ್ಚಿನ ಕೋಷ್ಟಕದಲ್ಲಿ ಇವೆಲ್ಲಕ್ಕೂ ಒಂದೊಂದು ಸಾಲು, ಸಾಲಿನ ಮುಂದೆ ಒಂದೊಂದು ಅಂಕಿ ದೊರೆಯಿತು. ಮುಂಬಯಿ ಪ್ರಾಂತದ ಗ್ಯಾಸೆಟಿಯರುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಶುದ್ಧ ಲಿಂಗಾಯತರು, ಸೇರಿದ ಲಿಂಗಾಯತರು, ಅರೆಲಿಂಗಾಯತರು ಎಂದು ಮೂರು ದರ್ಜೆಗಳನ್ನೇ ಏರ್ಪಡಿಸಿದುವು. ಮಾಚಯ್ಯನ ಕಾಯಕದವರನ್ನು 'ಅರೆ'ಯೆಂದು ಕರೆಯುವ ಅಧಿಕಾರ ಯಾವ ಶಾಸ್ತ್ರದಿಂದ ಬಂದಿತೋ ತಿಳಿಯದು. 1901ರ ಗಣತಿಯ ಸುಮಾರಿಗೆ ಆ ಪ್ರಾಂತದಲ್ಲಿ ಲಿಂಗಾಯತ ಒಳಪಂಗಡಗಳನ್ನೆಲ್ಲ ನಾಲ್ಕು ವರ್ಣಗಳಿಗೆ ಹಂಚಿದ ಒಂದು ಸಂಪೂರ್ಣ ಪಟ್ಟಿಯನ್ನು ಸಮಾಜದವರೇ ಅಧಿಕಾರಿಗಳಿಗೆ ಒಪ್ಪಿಸಿದರು. ವರ್ಣದ ಬೇಲಿಯ ಹೊರಗೆ ಹುಟ್ಟಿದ ಸಮಾಜದೊಳಗೆ ನಾಲ್ಕು ವರ್ಣಗಳನ್ನೂ ನಿರ್ಮಿಸಿದಂತಾಯಿತು. ವಿಚಿತ್ರವೆಂದರೆ ಈ ವಿಷಯದಲ್ಲಿ ನ್ಯಾಯಾಲಯವೇ ಹೆಚ್ಚು ಉದಾರವಾಗಿತ್ತು. ಲಿಂಗಾಯತರ ಭಿನ್ನ ಪಂಗಡಗಳ ನಡುವಣ ವಿವಾಹ ತನ್ನಷ್ಟಕ್ಕೆ ಅಸಿಂಧುವಲ್ಲ, ನಿಷೇಧದ ರೂಢಿಯಿದೆ ಎನ್ನುವವರು ಅದನ್ನು ಸಿದ್ಧಪಡಿಸಬೇಕು ಎಂದು ಮುಂಬಯಿ ಉಚ್ಚ ನ್ಯಾಯಾಲಯ 1896ರಲ್ಲಿ ತೀರ್ಪಿತ್ತಿತು.

1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ಅಖಿಲ ಭಾರತ ವೀರಶೈವ ಮಹಾಸಭೆ ಸ್ಥಾಪಿತವಾದ ಬಳಿಕ ಸಮಾಜದ ಗಮನ ಶಾಲೆ, ಉಚಿತ ಪ್ರಸಾದನಿಲಯ, ವಿದ್ಯಾರ್ಥಿವೇತನಗಳ ಕಡೆಗೆ ತಿರುಗಿತು. ಅದರೊಡನೆ ಅಂಕಿಗಳ ಅರ್ಥವೂ ತಿರುಗಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಯಾವ ಜಾತಿಯಲ್ಲಿ ಅಕ್ಷರಸ್ಥರೆಷ್ಟು, ಸರ್ಕಾರಿ ಹುದ್ದೆಗಳಲ್ಲಿ ಅವರೆಷ್ಟು ಎಂಬ ಪ್ರಶ್ನೆ ಅದರ ಮುಂದೆ ಇದ್ದಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೂ ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಕಡಿಮೆಯಿಲ್ಲದಂತೆ ಬ್ರಾಹ್ಮಣೇತರರು ಇರಬೇಕೆಂದು ಸಮಿತಿ ಶಿಫಾರಸು ಮಾಡಿತು. ಇಪ್ಪತ್ತೇಳು ವರ್ಷಗಳ ಹಿಂದೆ 'ವೀರಶೈವ ಬ್ರಾಹ್ಮಣ'ರೆಂಬ ಹೆಸರನ್ನು ಬೇಡಿದ ಸಮಾಜವೇ ಈಗ ಹಿಂದುಳಿದ ಬ್ರಾಹ್ಮಣೇತರರ ಸಾಲಿನಲ್ಲಿ ನಿಂತಿತು. ಇದನ್ನು ಅವಕಾಶವಾದವೆಂದು ಹಳಿಯುವುದು ಸುಲಭ. ಆದರೆ ಹಿಂದೆ ಅಂಕಣ ಗೌರವವನ್ನು ಹಂಚುತ್ತಿತ್ತು, ಈಗ ವಿದ್ಯೆಯನ್ನೂ ಹುದ್ದೆಯನ್ನೂ ಹಂಚತೊಡಗಿತ್ತು. ಬೇಗೂರಿನಂತಹ ಹೋಬಳಿಯ ರೈತನ ಮಗನಿಗೆ ಮೈಸೂರಿನ ಕಾಲೇಜಿನಲ್ಲಿ ಒಂದು ಸ್ಥಾನ ದೊರೆಯುವುದು ವರ್ಣದ ವಾದಕ್ಕಿಂತ ಹೆಚ್ಚಿನ ಮಾತಾಗಿತ್ತು.

ಜಾತಿಗಳನ್ನು ಪೂರ್ಣವಾಗಿ ಎಣಿಸಿ ಪ್ರಕಟಿಸಿದ ಕಡೆಯ ಗಣತಿ 1931ರ ಫೆಬ್ರವರಿ 26ರ ರಾತ್ರಿ ನಡೆಯಿತು. ಮೊದಲೇ ಮನೆಮನೆಗೆ ಸಂಖ್ಯೆ ಹಾಕಿ, ಪಟ್ಟಿಯನ್ನು ಬರೆದಿಟ್ಟುಕೊಂಡು, ನಿಗದಿಯಾದ ರಾತ್ರಿ ದೀಪ ಹಿಡಿದು ಮತ್ತೆ ಮನೆಮನೆಗೆ ಹೋಗಿ ಹುಟ್ಟಿದವರನ್ನು ಸೇರಿಸಿ, ಸತ್ತವರನ್ನು ತೆಗೆದು, ಬಂದಿಳಿದ ನೆಂಟರನ್ನು ಬರೆದುಕೊಂಡು ಪಟ್ಟಿಯನ್ನು ಸರಿಪಡಿಸುವುದು ಅಂದಿನ ಪದ್ಧತಿ. ಮೈಸೂರಿನಲ್ಲಿ ಈ ಗಣತಿಯ ಸೂಪರಿಂಟೆಂಡೆಂಟರಾಗಿದ್ದವರು ಕನ್ನಡ ಸಣ್ಣಕಥೆಗಳ ಜನಕರೆನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರೆಂಬುದು ಸಾಹಿತ್ಯದ ವಿದ್ಯಾರ್ಥಿಗಳು ಅರಿಯಬೇಕಾದ ಸಂಗತಿ. ಮಾಸ್ತಿಯವರ ಕಥೆಗಳನ್ನು ಓದಿದಷ್ಟೇ ಮಂದಿ ಅವರ ಗಣತಿ ವರದಿಯನ್ನು ಓದಿಲ್ಲ, ಓದಿದರೆ ನಷ್ಟವಿಲ್ಲ. ಆಗ ಸಂಸ್ಥಾನದ ಜನಸಂಖ್ಯೆ 65,57,302. ಲಿಂಗಾಯತರು ನೂರಕ್ಕೆ ಹನ್ನೆರಡರ ಸುಮಾರು.

1941ರಲ್ಲಿ ಯುದ್ಧಕಾಲದ ಮಿತವ್ಯಯದಿಂದ ಜಾತಿಯ ಕೋಷ್ಟಕಗಳು ಪೂರ್ಣವಾಗಿ ಹೊರಬರಲಿಲ್ಲ. 1951ರಿಂದ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಹೊರತು ಉಳಿದ ಜಾತಿಗಳ ಅಂಕಿಗಳು ಜನಗಣತಿಯಿಂದ ಮರೆಯಾದುವು. ಸ್ವತಂತ್ರ ಭಾರತ ಜಾತಿಯನ್ನು ಎಣಿಸದೆ ಮರೆಯಬೇಕೆಂಬ ಉದ್ದೇಶ ಉದಾತ್ತವಾದುದೇ. ಆದರೆ ಅಂಕಣವನ್ನು ಅಳಿಸಿದರೂ ಅಂಕಿಯ ಅಗತ್ಯ ಅಳಿಯಲಿಲ್ಲ. ನಾಗನಗೌಡ ಸಮಿತಿ ಲಿಂಗಾಯತರನ್ನು ಸಾಮಾಜಿಕವಾಗಿ ಮುಂದುವರಿದವರೆಂದಿತು. ಬಾಲಾಜಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1962ರಲ್ಲಿ ಮೈಸೂರು ಸರ್ಕಾರದ ನೂರಕ್ಕೆ 68ರ ಮೀಸಲಾತಿಯನ್ನು ರದ್ದುಪಡಿಸಿತು. 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿಯಿತ್ತ ಎಲ್. ಜಿ. ಹಾವನೂರರ ಆಯೋಗ ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿರಿಸಿತು. ಆಯೋಗಗಳು ಬದಲಾದಂತೆ ಸಂಖ್ಯೆಯೂ ಬದಲಾಯಿತು. ಹಾವನೂರರ ಅಂದಾಜಿನಲ್ಲಿ ಲಿಂಗಾಯತರು ರಾಜ್ಯದ ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು 15. ವೆಂಕಟಸ್ವಾಮಿ ಆಯೋಗದ ಪ್ರಕಾರ ಸುಮಾರು 17. 2015ರಲ್ಲಿ ಕಾಂತರಾಜ್ ಆಯೋಗ ನಡೆಸಿದ ಸಮೀಕ್ಷೆಯದೆಂದು 2025ರ ಏಪ್ರಿಲ್‌ನಲ್ಲಿ ಪತ್ರಿಕೆಗಳಲ್ಲಿ ಬಂದ ಅಂಕಿಯಂತೆ ಸುಮಾರು 11.

ಒಂದು ಸಮಾಜ ನಲವತ್ತು ವರ್ಷಗಳಲ್ಲಿ ಹೀಗೆ ಹಿಗ್ಗಿ ಕುಗ್ಗುವುದು ಸಾಧ್ಯವಿಲ್ಲ. ಹಿಗ್ಗಿದುದೂ ಕುಗ್ಗಿದುದೂ ಹೆಸರು. 1990ರ ದಶಕದಿಂದ ರಾಜ್ಯದ ಮೀಸಲಾತಿ ಪಟ್ಟಿಯಲ್ಲಿ ವೀರಶೈವ ಲಿಂಗಾಯತರು 3-ಬಿ ಪ್ರವರ್ಗದಲ್ಲಿದ್ದರೆ, ಗಾಣಿಗ, ಹಡಪದ, ಮಡಿವಾಳ, ಕುಂಬಾರ ಮೊದಲಾದ ಕಾಯಕದ ಹೆಸರುಗಳು ಹೆಚ್ಚಿನ ಸೌಲಭ್ಯವುಳ್ಳ 2-ಎ ಪ್ರವರ್ಗದಲ್ಲಿವೆ. ಕೊರಳಲ್ಲಿ ಇಷ್ಟಲಿಂಗವಿರುವ ಬಡ ಗಾಣಿಗನು ಮಗನ ಶಾಲೆಯ ದಾಖಲೆಯಲ್ಲಿ 'ಲಿಂಗಾಯತ' ಎಂದು ಬರೆಸಿದರೆ ಒಂದು, 'ಹಿಂದೂ ಗಾಣಿಗ' ಎಂದು ಬರೆಸಿದರೆ ಇನ್ನೊಂದು. ಅವನು ಎರಡನೆಯದನ್ನು ಬರೆಸಿದರೆ ಅವನನ್ನು ಧರ್ಮಭ್ರಷ್ಟನೆನ್ನುವ ಅಧಿಕಾರ ಯಾರಿಗಿದೆ? ಅವನ ಬಡತನದ ಲೆಕ್ಕವನ್ನು ಇಡೀ ಸಮಾಜದ ಐಶ್ವರ್ಯದ ಲೆಕ್ಕದಲ್ಲಿ ಕರಗಿಸಿಬಿಟ್ಟವರು ಮೊದಲು ಉತ್ತರ ಹೇಳಬೇಕು. ಅತ್ತ, ಒಗ್ಗೂಡಿಸುವ ಹೆಸರು ಯಾವುದಾಗಬೇಕೆಂಬುದರಲ್ಲಿಯೂ ಏಕಮತವಿಲ್ಲ. ಲಿಂಗಾಯತವೇ ಸ್ವತಂತ್ರ ಧರ್ಮವೆಂಬ ವಾದ, ವೀರಶೈವ ಮತ್ತು ಲಿಂಗಾಯತ ಒಂದೇ ಎಂಬ ವಾದ, ಹಿಂದೂ ಧರ್ಮದ ಅಂಗವೆಂಬ ವಾದ ಮೂರೂ ಪ್ರಬಲವಾಗಿವೆ. 2018ರ ಮಾರ್ಚ್‌ನಲ್ಲಿ ರಾಜ್ಯ ಸಚಿವ ಸಂಪುಟ ಪ್ರತ್ಯೇಕ ಧರ್ಮದ ಮಾನ್ಯತೆಗಾಗಿ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗ ಹೊಸದಾಗಿ ಸಮೀಕ್ಷೆಯನ್ನು ಆರಂಭಿಸಿದಾಗ ಧರ್ಮದ ಅಂಕಣದಲ್ಲಿ ಏನು ಬರೆಸಬೇಕೆಂಬ ಬಗ್ಗೆ ಮಠಗಳಿಂದಲೂ ಸಂಘಗಳಿಂದಲೂ ಪರಸ್ಪರ ವಿರುದ್ಧವಾದ ಕರೆಗಳು ಹೊರಟುವು. 1891ರ ಅರ್ಜಿದಾರರಿಗೆ ಈ ತೊಡಕು ಹೊಸದಾಗಿ ಕಾಣುತ್ತಿರಲಿಲ್ಲ.

ಹೆಸರಿನ ಈ ಸಂಕಟ ವೀರಶೈವರೊಬ್ಬರದೇ ಅಲ್ಲವೆಂಬುದನ್ನು ಕಾಣಲು ಬೇಗೂರಿನಿಂದ ದೂರ ಹೋಗಬೇಕಾಗಿಲ್ಲ. ಈ ಭಾಗದಲ್ಲಿ ನಾಯಕ ಸಮಾಜದವರಿಗೆ 'ಪರಿವಾರ'ವೆಂಬ ಹೆಸರೂ ಸಲ್ಲುತ್ತಿತ್ತು. ಪಟ್ಟಿಯಲ್ಲಿ 'ನಾಯಕ' ಇದ್ದು 'ಪರಿವಾರ' ಇಲ್ಲದ್ದರಿಂದ, ಹಾಗೆಂದು ಬರೆಸಿಕೊಂಡಿದ್ದವರಿಗೆ ಪರಿಶಿಷ್ಟ ಪಂಗಡದ ಪ್ರಮಾಣಪತ್ರ ದುರ್ಲಭವಾಗಿತ್ತು. 2020ರಲ್ಲಿ ಸಂಸತ್ತು 'ಪರಿವಾರ', 'ತಳವಾರ' ಎಂಬ ಹೆಸರುಗಳನ್ನು ನಾಯಕರ ಪರ್ಯಾಯಗಳಾಗಿ ಸೇರಿಸಿದ ಮೇಲೆ ಆ ತೊಡಕು ಬಿಡಿಸಿತು. ಕಾಡಂಚಿನ ಕಾಡುಕುರುಬರು ತಮ್ಮನ್ನು 'ಬೆಟ್ಟಕುರುಬ'ರೆಂದು ಕರೆದುಕೊಳ್ಳುತ್ತಾರೆ. ಆ ಹೆಸರು ಪಟ್ಟಿಗೆ ಸೇರಲು ಸಂಸತ್ತಿನ ಒಪ್ಪಿಗೆ ದೊರೆತದ್ದು 2022ರ ಡಿಸೆಂಬರ್‌ನಲ್ಲಿ. ಒಂದು ಪದಕ್ಕಾಗಿ ಒಂದು ತಲೆಮಾರಿನ ಮಕ್ಕಳು ಕಾದರು. ಆದಿಕರ್ನಾಟಕರ ಕಥೆ ಇದಕ್ಕೆ ವಿಪರೀತವಾದುದು. ಅವಮಾನದ ಹಳೆಯ ಹೆಸರುಗಳನ್ನು ಕಳಚಿ 1920ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಬಳಕೆಗೆ ಬಂದ ಗೌರವದ ಹೆಸರು ಅದು. ಮೈಸೂರು-ಚಾಮರಾಜನಗರದ ಕಡೆ ಅದು ಒಂದು ಸಮುದಾಯವನ್ನು, ಚಿತ್ರದುರ್ಗ-ತುಮಕೂರಿನ ಕಡೆ ಮತ್ತೊಂದನ್ನು ಸೂಚಿಸುತ್ತದೆ. 2024ರ ಆಗಸ್ಟ್ 1ರಂದು ಸರ್ವೋಚ್ಚ ನ್ಯಾಯಾಲಯ ಒಳಮೀಸಲಾತಿಗೆ ಸಮ್ಮತಿಯಿತ್ತ ಬಳಿಕ ಆ ಹೆಸರಿನೊಳಗೆ ಯಾರು ಎಷ್ಟು ಮಂದಿ ಎಂದು ತಿಳಿಯಲು 2025ರಲ್ಲಿ ನ್ಯಾಯಮೂರ್ತಿ ಎಚ್. ಎನ್. ನಾಗಮೋಹನದಾಸರ ಆಯೋಗ ಮತ್ತೆ ಮನೆಮನೆಯ ಸಮೀಕ್ಷೆಯನ್ನು ನಡೆಸಬೇಕಾಯಿತು. ಗೌರವಕ್ಕಾಗಿ ತಳೆದ ಹೆಸರು ಒಳಗಿನ ಅಂತರವನ್ನು ಮುಚ್ಚುತ್ತದೆ, ಸೌಲಭ್ಯಕ್ಕಾಗಿ ಹಿಡಿದ ಹೆಸರು ಒಟ್ಟನ್ನು ಒಡೆಯುತ್ತದೆ. ಲಿಂಗಾಯತರ ಪಾಲಿಗೆ ಈ ಎರಡೂ ಏಕಕಾಲಕ್ಕೆ ಸಂಭವಿಸಿವೆ.

ಇದೇ ಜಿಲ್ಲೆಯ ಮಲೆಯ ಮಹದೇಶ್ವರನ ಬೆಟ್ಟದಲ್ಲಿ ಪೂಜೆ ನಡೆಸುವವರು ಬೇಡಗಂಪಣರು. ಹೆಸರಿನಲ್ಲಿ ಬೇಡತನ ಉಳಿದಿದೆ, ಕೊರಳಲ್ಲಿ ಲಿಂಗವಿದೆ. ಮಹದೇಶ್ವರನು ಅವರಿಗೆ ಲಿಂಗವನ್ನು ಕೊಟ್ಟನೆಂದು ನಂಬುವ ಒಕ್ಕಲು ಬೇಗೂರು ಸೀಮೆಯಲ್ಲಿ ಎಲ್ಲ ಬೀದಿಗಳಲ್ಲಿಯೂ ಇದ್ದಾರೆ. ಆ ಹೆಸರಿನ ಮೊದಲರ್ಧವನ್ನು ಜಾತಿಯೆಂದೂ ಕೊರಳಿನ ಲಿಂಗವನ್ನು ಧರ್ಮವೆಂದೂ ಬಿಡಿಸಿ ಬರೆಯುವುದು ಪಟ್ಟಿಗೆ ಅನುಕೂಲ. ಆ ಜನರ ತಿಳಿವಳಿಕೆಯಲ್ಲಿ ಅವೆರಡೂ ಒಂದೇ ಘಟನೆಯ ನೆನಪು.

2025ರ ಏಪ್ರಿಲ್ 30ರಂದು ಕೇಂದ್ರ ಸಚಿವ ಸಂಪುಟ ಮುಂದಿನ ಜನಗಣತಿಯಲ್ಲಿ ಎಲ್ಲ ಜಾತಿಗಳನ್ನೂ ಎಣಿಸಲು ನಿರ್ಧರಿಸಿತು. ಜೂನ್ 16ರ ಅಧಿಸೂಚನೆಯಂತೆ ಹಿಮಾವೃತ ಪ್ರದೇಶಗಳ ಹೊರತು ಉಳಿದೆಡೆಗೆ 2027ರ ಮಾರ್ಚ್ 1 ಆಧಾರದಿನವೆಂದು ಗೊತ್ತುಪಡಿಸಲಾಯಿತು. 1931ರಲ್ಲಿ ಲಾಂದ್ರ ಹಿಡಿದು ಬಂದ ಗಣತಿದಾರನ ಸ್ಥಾನದಲ್ಲಿ ಮೊಬೈಲ್ ದೂರವಾಣಿಯನ್ನು ಹಿಡಿದವರು ಬರುತ್ತಾರೆಂಬುದು ಈ ಗಣತಿಗೆ ಆಗಿರುವ ಏರ್ಪಾಡು. ಕಾಗದದ ಪಟ್ಟಿಯಲ್ಲಿ ಮನೆಯವರು ಹೇಳಿದ ಹೆಸರನ್ನು ಹೇಳಿದಂತೆಯೇ ಬರೆದುಕೊಂಡು, ಅದು ಯಾವ ಶೀರ್ಷಿಕೆಗೆ ಸೇರಬೇಕೆಂಬುದನ್ನು ಆಮೇಲೆ ಕಚೇರಿಯಲ್ಲಿ ತೀರ್ಮಾನಿಸಬಹುದಾಗಿತ್ತು. ಯಂತ್ರದಲ್ಲಿ ಮೊದಲೇ ಸಿದ್ಧವಾದ ಹೆಸರುಗಳಿಂದ ಒಂದನ್ನು ಆರಿಸುವುದಾದರೆ ಆ ತೀರ್ಮಾನ ಬಾಗಿಲಲ್ಲೇ ಆಗಿಹೋಗುತ್ತದೆ. ಆದುದರಿಂದ ಗಣತಿದಾರನು ಬೇಗೂರಿಗೆ ಬರುವ ಮೊದಲೇ, ಹೆಸರುಗಳ ಆ ಪಟ್ಟಿಯನ್ನು ಸಿದ್ಧಪಡಿಸುವ ಹಂತದಲ್ಲಿಯೇ, ವಿದ್ವಾಂಸರೂ ಮಠಗಳೂ ಕಾಯಕದ ಪಂಗಡಗಳ ಹಿರಿಯರೂ ಒಂದೆಡೆ ಕುಳಿತು ಮಾತನಾಡಬೇಕಾಗುತ್ತದೆ. 1891ರಲ್ಲಿ ಅರ್ಜಿಯೊಡನೆ ಹೋದವರ ನಡುವೆ ಗಾಣಿಗರಾಗಲಿ ಹಡಪದರಾಗಲಿ ಇದ್ದರೆಂಬ ದಾಖಲೆ ಎಲ್ಲಿಯೂ ಎದ್ದು ಕಾಣುವುದಿಲ್ಲ.